ತಳಿಶಾಸ್ತ್ರದ ಗ್ರಂಥಗಳೂ ಗದ್ವಾಲ ಸೀಮೆಯ ಹತ್ತಿಯ ಹೊಲವೂ

ಸಾಹಿತ್ಯ ಸಂಶೋಧನೆಗೆ ಮೀಸಲಾದ ಸಂಚಿಕೆಯಲ್ಲಿ ತಳಿಶಾಸ್ತ್ರದ ಪುಸ್ತಕಗಳನ್ನು ಕುರಿತ ಲೇಖನಕ್ಕೆ ಎಡೆಯುಂಟೇ ಎಂದು ಕೆಲವರು ವಾಚಕರು ಕೇಳಬಹುದು. ಶಾಸನ, ಕೈಫಿಯತ್ತು, ಜನಪದ ಗೀತಗಳಂತೆ ಶಾಸ್ತ್ರಗ್ರಂಥಗಳೂ ಒಂದು ಭಾಷೆಯ ಸಂಪತ್ತೇ ಎಂಬುದು ನಮ್ಮ ಮೊದಲನೆಯ ಸಮಾಧಾನ. ಎರಡನೆಯದು ಇನ್ನೂ ಸಮೀಪದ್ದು. ಗದ್ವಾಲ ಸೀಮೆಯು ಸಂಕರ ಹತ್ತಿಯ ಬೀಜ ತಯಾರಿಕೆಗೆ ದೇಶದಲ್ಲೇ ಹೆಸರಾದದ್ದು. ಆಸ್ಟ್ರಿಯಾ ಸಾಮ್ರಾಜ್ಯದ ಬ್ರೂನ್ ನಗರದ ಮಠದ ತೋಟದಲ್ಲಿ ಗ್ರೆಗೊರ್ ಮೆಂಡೆಲ್ ೧೮೫೬ರಿಂದ ೧೮೬೩ರವರೆಗೆ ಬಟಾಣಿ ಹೂಗಳಲ್ಲಿ ಮಾಡಿದ ಕೈಗೆಲಸವನ್ನೇ ನಮ್ಮ ಕಡೆಯ ಕೂಲಿಯವರು ಪ್ರತಿ ವರ್ಷ ಹತ್ತಿಯ ಹೂಗಳಲ್ಲಿ ಮಾಡುತ್ತಾರೆ. ಹೀಗಿದ್ದೂ ಅದೇ ಊರಿನ ಹತ್ತನೆಯ ತರಗತಿಯ ಹುಡುಗ ಅನುವಂಶೀಯತೆಯ ಪಾಠವನ್ನು ಯಾವುದೋ ದೂರದೇಶದ ಸಂಗತಿಯೆಂಬಂತೆ ಬಾಯಿಪಾಠ ಮಾಡಿ ಒಪ್ಪಿಸುತ್ತಾನೆ. ಅವನ ಹೊಲಕ್ಕೂ ಅವನ ಪುಸ್ತಕಕ್ಕೂ ನಡುವೆ ಸೇತುವೆ ಕಟ್ಟುವುದು ಅಧ್ಯಾಪಕರ ಕೆಲಸ. ಅದಕ್ಕೆ ಯಾವ ಯಾವ ಗ್ರಂಥಗಳು ಒದಗುತ್ತವೆ, ಅವನ್ನು ಯಾವ ಕ್ರಮದಲ್ಲಿ ಓದಬೇಕು, ನಮ್ಮ ಭಾಷೆಯಲ್ಲಿ ಇನ್ನೂ ಏನು ಆಗಬೇಕಾಗಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೊಲದಲ್ಲಿ ನಡೆಯುವುದೇನು?

ಕೃಷ್ಣಾ ತುಂಗಭದ್ರೆಗಳ ನಡುವಿನ ನಾಡಿಗೆ ನಡಿಗಡ್ಡೆ ಎಂಬ ಹೆಸರು ರೂಢಿಯಲ್ಲಿದೆ. ಅಲ್ಲಿನ ಗಟ್ಟು, ಧರೂರು, ಮಲ್ದಕಲ್, ಐಜ ಮೊದಲಾದ ಕಡೆಗಳಲ್ಲಿ ಬೀಜದ ಹತ್ತಿಯ ಬೆಳೆಯುಂಟು. ತೆಲುಗಿನಲ್ಲಿ ಇದಕ್ಕೆ ‘ಸೀಡ್ ಪತ್ತಿ’ ಎನ್ನುತ್ತಾರೆ. ಹೂವಿಗೆ ಹೂ ಕೂಡಿಸುವ ಕೆಲಸಕ್ಕೆ ಎರಡು ಭಾಷೆಯವರೂ ‘ಕ್ರಾಸಿಂಗ್’ ಎಂದೇ ಹೇಳುತ್ತಾರೆ.

ಹೊಲದಲ್ಲಿ ಹೆಣ್ಣುತಳಿಯ ಗಿಡಗಳು ಹೆಚ್ಚು, ಗಂಡುತಳಿಯವು ಕಡಿಮೆ. ಮರುದಿನ ಅರಳಬೇಕಾದ ಮೊಗ್ಗನ್ನು ಹೆಣ್ಣುಗಿಡದಲ್ಲಿ ಹಿಂದಿನ ದಿನ ಮಧ್ಯಾಹ್ನದ ಮೇಲೆ ಗುರುತಿಸಿ, ಬುಡಕ್ಕೆ ಹೆಬ್ಬೆರಳಿನ ಉಗುರನ್ನು ನಾಟಿ, ದಳಗಳನ್ನೂ ಕೇಸರಗಳನ್ನೂ ಒಟ್ಟಿಗೆ ತಿರುಚಿ ತೆಗೆಯುತ್ತಾರೆ. ಅಂಡಾಶಯ ಮತ್ತು ಶಲಾಕೆ ಮಾತ್ರ ಉಳಿಯುತ್ತವೆ. ಮರುದಿನ ಬೆಳಿಗ್ಗೆ ಗಂಡುಗಿಡದ ಅರಳಿದ ಹೂವನ್ನು ತಂದು ಅದರ ಪರಾಗವನ್ನು ಆ ಶಲಾಕೆಯ ತುದಿಗೆ ಸವರುತ್ತಾರೆ. ಕೂಡಿಸಿದ ಹೂವಿಗೆ ಗುರುತು ಕಟ್ಟುತ್ತಾರೆ. ಗುರುತುಳ್ಳ ಕಾಯಿಯ ಬೀಜವೇ ಸಂಕರಬೀಜ. ಕ್ರಾಸಿಂಗ್ ಮುಗಿದ ಮೇಲೆ ಬರುವ ಮೊಗ್ಗುಗಳನ್ನೆಲ್ಲ ಕಿತ್ತುಹಾಕಬೇಕು. ಇಲ್ಲವಾದರೆ ಅವು ತಮ್ಮ ಪರಾಗದಿಂದಲೇ ಕಾಯಾಗಿ ಸಂಕರವಲ್ಲದ ಬೀಜ ಬೆರೆಯುತ್ತದೆ.

ಇಲ್ಲಿ ಸ್ವಲ್ಪ ತಪ್ಪಿದರೂ ನಷ್ಟ ರೈತನದು. ಮೊಗ್ಗನ್ನು ತಡವಾಗಿ ಬಿಡಿಸಿದರೆ ಅದರ ಕೇಸರ ಆಗಲೇ ಒಡೆದಿರುತ್ತದೆ. ಬಿಡಿಸುವಾಗ ಒಂದು ಕೇಸರ ಉಳಿದರೂ ಸ್ವಪರಾಗಸ್ಪರ್ಶವಾಗುತ್ತದೆ. ಜೇನುಹುಳು ಬೇರೆ ಗಿಡದ ಪರಾಗ ತಂದೀತು. ಬಂದ ಬೀಜದಲ್ಲಿ ಮಾದರಿ ತೆಗೆದು, ಬಿತ್ತಿ ಬೆಳೆಸಿ, ಎಲೆ, ದಳದ ಬಣ್ಣ, ಪರಾಗದ ಬಣ್ಣ ಮೊದಲಾದ ಲಕ್ಷಣಗಳನ್ನು ನೋಡಿ ತಳಿಶುದ್ಧಿಯನ್ನು ನಿರ್ಣಯಿಸುವ ಪದ್ಧತಿಯುಂಟು. ಮಾದರಿ ತೇರ್ಗಡೆಯಾಗದಿದ್ದರೆ ವರ್ಷದ ದುಡಿಮೆಗೆ ಬೀಜದ ಬೆಲೆ ದೊರೆಯದು. ತನ್ನ ಬೀಜ ಏಕೆ ‘ಫೇಲ್’ ಆಯಿತೆಂಬುದನ್ನು ತಿಳಿಯಲಾರದ ರೈತನು ಅದನ್ನು ವಿಧಿಯೆಂದೋ ಮೋಸವೆಂದೋ ಭಾವಿಸುವನು. ಮೋಸವಾಗಿದ್ದರೆ ಅದನ್ನು ಪ್ರಶ್ನಿಸಲಿಕ್ಕೂ, ತಪ್ಪು ತನ್ನದಾಗಿದ್ದರೆ ತಿದ್ದಿಕೊಳ್ಳಲಿಕ್ಕೂ ಶಾಸ್ತ್ರಜ್ಞಾನವೇ ಬೇಕು.

ಮೊದಲ ಮೆಟ್ಟಿಲು: ಮೆಂಡೆಲನ ಪ್ರಬಂಧ

ತಳಿಶಾಸ್ತ್ರದ ವ್ಯಾಸಂಗವನ್ನು ದಪ್ಪ ಪಠ್ಯಪುಸ್ತಕದಿಂದ ಆರಂಭಿಸಬೇಕಾಗಿಲ್ಲ. ಮೆಂಡೆಲ್ ೧೮೬೫ರಲ್ಲಿ ಓದಿ ೧೮೬೬ರಲ್ಲಿ ಪ್ರಕಟಿಸಿದ ಪ್ರಬಂಧವೇ ಅತ್ಯುತ್ತಮ ಪ್ರವೇಶಗ್ರಂಥ. ಮೂವತ್ತುನಾಲ್ಕು ವರ್ಷ ಅದು ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದೆ ಇದ್ದು, ೧೯೦೦ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರಿಂದ ಮತ್ತೆ ಬೆಳಕಿಗೆ ಬಂತು. ವಿಲಿಯಂ ಬೇಟ್ಸನ್ ೧೯೦೨ರ ತನ್ನ ಪುಸ್ತಕದಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಸೇರಿಸಿದನು. ಅದರಲ್ಲಿರುವುದು ತೋಟದ ಕೆಲಸ ಮತ್ತು ಎಣಿಕೆ ಅಷ್ಟೆ. ಪ್ರೌಢಶಾಲೆಯ ಗಣಿತ ಬಲ್ಲವನಿಗೆ ಅದು ಅರ್ಥವಾಗುತ್ತದೆ.

ದುಂಡುಬೀಜದ ಬಟಾಣಿಗೂ ಸುಕ್ಕುಬೀಜದ ಬಟಾಣಿಗೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಾದವು. ಆ ಬೀಜಗಳನ್ನೇ ಬಿತ್ತಿ ಸ್ವಪರಾಗದಿಂದ ಬೆಳೆಸಿದಾಗ ೭೩೨೪ ಬೀಜಗಳಲ್ಲಿ ೫೪೭೪ ದುಂಡು, ೧೮೫೦ ಸುಕ್ಕು ದೊರೆತವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಮೊದಲ ಪೀಳಿಗೆಯಲ್ಲಿ ಕಾಣದೆ ಹೋದ ಸುಕ್ಕು ನಾಶವಾಗಿರಲಿಲ್ಲ, ಒಳಗೆ ಅಡಗಿತ್ತು.

ಇದನ್ನು ತರಗತಿಯಲ್ಲಿ ತೋರಿಸಲು ಪ್ರಯೋಗಶಾಲೆ ಬೇಡ. ಎರಡು ಗಡಿಗೆಗಳಲ್ಲಿ ಐವತ್ತೈವತ್ತು ತೊಗರಿಕಾಳು, ಐವತ್ತೈವತ್ತು ಕಡಲೆಕಾಳು ಬೆರೆಸಿಡಬೇಕು. ಕಣ್ಣು ಮುಚ್ಚಿ ಒಂದೊಂದು ಗಡಿಗೆಯಿಂದ ಒಂದೊಂದು ಕಾಳು ತೆಗೆದು, ಜೋಡಿಯನ್ನು ಬರೆದುಕೊಂಡು, ಕಾಳನ್ನು ಮತ್ತೆ ಗಡಿಗೆಗೆ ಹಾಕಬೇಕು. ನೂರು ಸಲ ಮಾಡಿದರೆ ಸುಮಾರು ೭೫ ಜೋಡಿಗಳಲ್ಲಿ ತೊಗರಿ ಇದ್ದೇ ಇರುತ್ತದೆ. ಸುಮಾರು ೨೫ರಲ್ಲಿ ಎರಡೂ ಕಡಲೆಯೇ. ಸಲಕ್ಕೊಂದು ಲೆಕ್ಕ ಬೇರೆಯಾಗುವುದನ್ನು ಕಂಡು ಮಕ್ಕಳು ಪ್ರಮಾಣವೆಂದರೇನು, ಆಕಸ್ಮಿಕವೆಂದರೇನು ಎಂಬುದನ್ನೂ ಕಲಿಯುವರು.

‘ಈ ವರ್ಷದ ಸಂಕರ ಹತ್ತಿಯ ಬೀಜವನ್ನೇ ಮುಂದಿನ ವರ್ಷ ಏಕೆ ಬಿತ್ತಬಾರದು?’ ಎಂದು ರೈತನು ಕೇಳುವ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಒಂದು ಲಕ್ಷಣದ ಮಟ್ಟಿಗೆ ನೋಡಿದರೆ, ಸಂಕರಗಿಡದ ಸಂತತಿಯಲ್ಲಿ ಅರ್ಧದಷ್ಟು ಮಾತ್ರ ತಾಯಿಗಿಡದಂತೆಯೇ ಸಂಕರವಾಗಿರುತ್ತವೆ. ಬೇರೆ ಬೇರೆಯಾಗಿ ಹಂಚಿಹೋಗುವ ಹತ್ತು ಲಕ್ಷಣಗಳನ್ನು ಹಿಡಿದರೆ, ಹತ್ತರಲ್ಲಿಯೂ ಸಂಕರವಾಗಿ ಉಳಿಯುವುದು ೧೦೨೪ ಗಿಡಗಳಲ್ಲಿ ಒಂದು. ಆದ್ದರಿಂದಲೇ ಬೆಳೆ ಸಮನಾಗಿ ಬಾರದು. ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಾದ ಅಧೀನತೆಗೂ, ಗದ್ವಾಲದ ಬೀಜದ ವ್ಯವಹಾರಕ್ಕೂ ಈ ಗಣಿತವೇ ಮೂಲ.

ಎರಡನೆಯ ಮೆಟ್ಟಿಲು: ವರ್ಣತಂತುಗಳ ಶಾಸ್ತ್ರ

ಮೆಂಡೆಲ್ ಊಹಿಸಿದ ಅಂಶಗಳು ಜೀವಕೋಶದೊಳಗೆ ಎಲ್ಲಿವೆಯೆಂಬುದನ್ನು ತೋರಿಸಿದವರು ಅಮೆರಿಕದ ಮಾರ್ಗನ್ ಮತ್ತು ಅವರ ಶಿಷ್ಯರು. ಮಾರ್ಗನ್, ಸ್ಟರ್ಟೆವಂಟ್, ಮುಲ್ಲರ್, ಬ್ರಿಡ್ಜಸ್ ನಾಲ್ವರೂ ಸೇರಿ ೧೯೧೫ರಲ್ಲಿ ಬರೆದ ಗ್ರಂಥ ಈ ಘಟ್ಟದ ಆಧಾರ. ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣವೇ ಅವರ ಪ್ರಯೋಗಜೀವಿ. ವಿದ್ಯಾರ್ಥಿಗಳಿಗಾಗಿ ಸಿನ್ನಟ್ ಮತ್ತು ಡನ್ ೧೯೨೫ರಲ್ಲಿ ಬರೆದು, ಮುಂದೆ ಡಾಬ್‌ಜಾನ್ಸ್ಕಿಯವರನ್ನೂ ಸೇರಿಸಿಕೊಂಡು ಪರಿಷ್ಕರಿಸಿದ ಪಠ್ಯಗ್ರಂಥ ಕೆಲವು ತಲೆಮಾರುಗಳ ಕೈಪಿಡಿಯಾಗಿತ್ತು. ಗಾರ್ಡನರ್ (೧೯೬೦), ಸ್ಟ್ರಿಕ್‌ಬರ್ಗರ್ (೧೯೬೮) ಇವರ ಪುಸ್ತಕಗಳೂ ಅದೇ ಪಂಕ್ತಿಗೆ ಸೇರಿದವು. ಇವನ್ನು ಓದುವ ವಿಧಾನ ಒಂದೇ: ಪ್ರತಿ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಪೆನ್ಸಿಲು ಹಿಡಿದು ಬಿಡಿಸಬೇಕು. ಬರಿಯ ಓದಿನಿಂದ ತಳಿಶಾಸ್ತ್ರ ಬಾರದು.

ಈ ಹಣ್ಣುನೊಣದ ಅಧ್ಯಯನಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ದೊಡ್ಡ ಪರಂಪರೆಯುಂಟು. ಹತ್ತಿಯ ವಿಷಯದಲ್ಲಂತೂ ಕನ್ನಡನಾಡಿನ ಪಾಲು ಜಗತ್ತಿಗೆ ತಿಳಿದದ್ದು. ಗುಜರಾತಿನ ಸೂರತ್ತಿನಲ್ಲಿ ಸಿ. ಟಿ. ಪಟೇಲರು ೧೯೭೦ರಲ್ಲಿ ಹೊರತಂದ ಎಚ್-೪, ವಾಣಿಜ್ಯ ಬೇಸಾಯಕ್ಕೆ ಬಂದ ಪ್ರಪಂಚದ ಮೊದಲ ಸಂಕರ ಹತ್ತಿ. ೧೯೭೨ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ಯನ್ನು ಕೊಟ್ಟರು. ಎಚ್-೪ರಲ್ಲಿ ಎರಡು ತಳಿಗಳೂ ಅಮೆರಿಕನ್ ಹತ್ತಿಯ ಒಂದೇ ಜಾತಿಗೆ ಸೇರಿದ್ದರೆ, ವರಲಕ್ಷ್ಮಿಯಲ್ಲಿ ಅಮೆರಿಕನ್ ಹತ್ತಿಯ ‘ಲಕ್ಷ್ಮಿ’ ಎಂಬ ತಳಿಗೂ ಉದ್ದನೂಲಿನ ಬಾರ್ಬಡೆನ್ಸ್ ಜಾತಿಯ ಹತ್ತಿಗೂ ಸಂಕರ ನಡೆದಿದೆ. ಈ ಎರಡು ಜಾತಿಗಳಲ್ಲಿಯೂ ೫೨ ವರ್ಣತಂತುಗಳಿರುವುದರಿಂದ ಕೂಡಿಕೆ ಸಾಧ್ಯವಾಯಿತು. ನಮ್ಮ ದೇಶೀ ಹತ್ತಿಗಳಲ್ಲಿ ಇರುವುದು ೨೬. ದೇಶೀ ಹತ್ತಿಗೂ ಅಮೆರಿಕನ್ ಹತ್ತಿಗೂ ನೇರವಾಗಿ ಸಂಕರ ಮಾಡಿದರೆ ೩೯ ವರ್ಣತಂತುಗಳ ಗಿಡವಾಗಿ, ಜೋಡಿ ಸರಿಹೋಗದೆ ಬಂಜೆಯಾಗುತ್ತದೆ. ವರ್ಣತಂತುಗಳ ಎಣಿಕೆ ಪುಸ್ತಕದ ಪಾಂಡಿತ್ಯ ಮಾತ್ರವಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯ ಮೆಟ್ಟಿಲು: ಅಣುಮಟ್ಟದ ಜೀವವಿಜ್ಞಾನ

ವಂಶವಾಹಿ ಯಾವ ಪದಾರ್ಥದಿಂದಾದದ್ದು ಎಂಬ ಪ್ರಶ್ನೆಯಿಂದ ಈ ಶಾಸ್ತ್ರ ಹುಟ್ಟಿತು. ಭೌತವಿಜ್ಞಾನಿ ಶ್ರೋಡಿಂಗರ್ ಡಬ್ಲಿನ್ನಿನಲ್ಲಿ ಮಾಡಿದ ಉಪನ್ಯಾಸಗಳು ೧೯೪೪ರಲ್ಲಿ ‘ಜೀವವೆಂದರೇನು?’ ಎಂಬ ಅರ್ಥದ ಹೆಸರಿನ ಚಿಕ್ಕ ಪುಸ್ತಕವಾಗಿ ಬಂದು ಅನೇಕ ತರುಣರನ್ನು ಈ ದಾರಿಗೆ ಎಳೆದವು. ಅದೇ ವರ್ಷ ಏವರಿ ಮತ್ತು ಸಂಗಡಿಗರು ಆ ಪದಾರ್ಥ ಡಿಎನ್‌ಎ ಎಂಬುದಕ್ಕೆ ಪ್ರಮಾಣ ಒದಗಿಸಿದರು. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ಜೋಡಿಸುರುಳಿಯ ರಚನೆಯನ್ನು ತಿಳಿಸಿದರು; ರೋಸಲಿಂಡ್ ಫ್ರಾಂಕ್ಲಿನ್ನರ ಕ್ಷಕಿರಣ ಚಿತ್ರಗಳು ಅದಕ್ಕೆ ಮುಖ್ಯ ಆಧಾರವಾದವು. ಡಿಎನ್‌ಎಯ ಲಿಪಿಯನ್ನು ಓದುವ ಕೆಲಸದಲ್ಲಿ ಪಾಲುಗೊಂಡ ಹರಗೋವಿಂದ ಖೊರಾನಾ ಅವರಿಗೆ ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಘಟ್ಟದ ಮೊದಲ ದೊಡ್ಡ ಪಠ್ಯಗ್ರಂಥ ವಾಟ್ಸನ್ನರು ೧೯೬೫ರಲ್ಲಿ ಬರೆದ, ವಂಶವಾಹಿಯ ಅಣುಜೀವವಿಜ್ಞಾನವನ್ನು ನಿರೂಪಿಸುವ ಪುಸ್ತಕ. ಜೀವಕೋಶವನ್ನೇ ಕೇಂದ್ರವಾಗಿಟ್ಟುಕೊಂಡ ಆಲ್ಬರ್ಟ್ಸ್ ಮತ್ತು ಇತರರ ಗ್ರಂಥ ೧೯೮೩ರಲ್ಲಿ ಬಂತು. ಎರಡೂ ಅನೇಕ ಸಲ ಪರಿಷ್ಕಾರಗೊಂಡಿವೆ. ಇಂದಿಗೂ ಸಂಶೋಧಕರ ಮೇಜಿನ ಮೇಲೆ ಇರತಕ್ಕವು. ಬೆಲೆಯ ದೃಷ್ಟಿಯಿಂದ ಇವು ನಮ್ಮ ವಿದ್ಯಾರ್ಥಿಗಳಿಗೆ ಎಟುಕುವುದು ಕಷ್ಟ. ಅವರಿಗೆ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದ ಪುಸ್ತಕವನ್ನು ನಾವು ಸೂಚಿಸುತ್ತೇವೆ. ಅನುವಂಶೀಯತೆಯ ತತ್ತ್ವಗಳು, ಅದರ ಅಣುಮಟ್ಟದ ಆಧಾರ ಎಂಬ ಎರಡು ಅಧ್ಯಾಯಗಳು ಅದರಲ್ಲಿ ಅಡಕವಾಗಿವೆ; ಉಚಿತವಾಗಿಯೂ ದೊರೆಯುತ್ತದೆ.

ಮೆಂಡೆಲನ ಸುಕ್ಕುಬೀಜದ ಕಥೆ ಈ ಮೂರನೆಯ ಮೆಟ್ಟಿಲಿನಲ್ಲಿ ಪೂರ್ಣವಾಗುತ್ತದೆ. ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವದ ವಂಶವಾಹಿಯೊಳಗೆ ಸುಮಾರು ೮೦೦ ಅಕ್ಷರಗಳಷ್ಟು ಡಿಎನ್‌ಎ ತುಣುಕು ಹೊಕ್ಕು ಅದನ್ನು ಕೆಡಿಸಿರುವುದರಿಂದ ಬೀಜದಲ್ಲಿ ಸಕ್ಕರೆ, ನೀರು ಹೆಚ್ಚಿ, ಒಣಗುವಾಗ ಸುಕ್ಕಾಗುತ್ತದೆಂದು ೧೯೯೦ರಲ್ಲಿ ತಿಳಿದುಬಂತು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಹಳೆಯ ಎಣಿಕೆಗೆ ಹೀಗೆ ರಾಸಾಯನಿಕ ಕಾರಣ ದೊರೆಯಿತು.

ಹತ್ತಿಯ ಹೊಲಕ್ಕೂ ಈ ಶಾಸ್ತ್ರ ಬಂದಿದೆ. ತಳಿಶುದ್ಧಿಯನ್ನು ಈಗ ಡಿಎನ್‌ಎ ಗುರುತುಗಳಿಂದಲೂ ಪರೀಕ್ಷಿಸಬಹುದು. ನಿಜವಾದ ಸಂಕರಬೀಜದಲ್ಲಿ ತಾಯಿಯ ಗುರುತೂ ತಂದೆಯ ಗುರುತೂ ಎರಡೂ ಕಾಣುತ್ತವೆ; ಸ್ವಪರಾಗದ ಬೀಜದಲ್ಲಿ ತಾಯಿಯದು ಮಾತ್ರ. ೨೦೦೨ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಸೇರಿಸಿದ್ದಾರೆ. ಅದು ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ಉತ್ಪಾದಿಸುತ್ತದೆ. ಒಂದೇ ವಂಶವಾಹಿಯನ್ನು ಒಂದೇ ಕಡೆಯ ತಳಿಯಿಂದ ಪಡೆದ ಸಂಕರಗಿಡದಲ್ಲಿ ಕಾಯಿಯೊಳಗಿನ ಬೀಜಗಳಿಗೆ ಮೆಂಡೆಲನ ಮೂರಕ್ಕೆ ಒಂದರ ಲೆಕ್ಕವೇ ಅನ್ವಯಿಸುತ್ತದೆ. ನಾಲ್ಕರಲ್ಲಿ ಒಂದು ಬೀಜಕ್ಕೆ ಆ ವಿಷ ಇರುವುದಿಲ್ಲ. ಗುಲಾಬಿ ಕಾಯಿಕೊರಕ ಬಿಟಿ ಹತ್ತಿಗೆ ಒಗ್ಗಿಕೊಂಡದ್ದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ವಿಜ್ಞಾನಿಗಳು ಚರ್ಚಿಸಿದ್ದಾರೆ. ಮಠದ ತೋಟದ ಲೆಕ್ಕ ನಮ್ಮ ರೈತನ ಔಷಧಿಯ ಖರ್ಚಿನವರೆಗೂ ಬಂದು ಮುಟ್ಟುವ ಬಗೆ ಇದು.

ಹಳೆಯ ಪುಸ್ತಕಗಳ ವಿಷಯದಲ್ಲಿ ಎಚ್ಚರ

ನಮ್ಮ ಕಡೆಯ ಗ್ರಂಥಾಲಯಗಳಲ್ಲಿ ದೊರೆಯುವುದು ಹೆಚ್ಚಾಗಿ ಹಳೆಯ ಮುದ್ರಣಗಳು. ಅವನ್ನು ತಿರಸ್ಕರಿಸಬೇಕಾಗಿಲ್ಲ, ಆದರೆ ಮುದ್ರಣದ ವರ್ಷ ನೋಡದೆ ನಂಬಬಾರದು. ಮನುಷ್ಯನ ವರ್ಣತಂತುಗಳು ೪೮ ಎಂದು ಎಷ್ಟೋ ವರ್ಷ ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಅವು ೪೬ ಎಂದು ಟಿಯೊ ಮತ್ತು ಲೆವಾನ್ ೧೯೫೬ರಲ್ಲಿ ತೋರಿಸಿದರು. ರಾಯಚೂರು, ಕಲಬುರ್ಗಿಗಳು ಮೈಸೂರು ರಾಜ್ಯಕ್ಕೂ, ನಮ್ಮ ಮಹಬೂಬನಗರ ಆಂಧ್ರ ಪ್ರದೇಶಕ್ಕೂ ಸೇರಿದ ವರ್ಷವೇ ಅದು. ಅಂದಿನ ಭೂಪಟವನ್ನು ಇಂದು ಯಾರೂ ಪಾಠಕ್ಕೆ ಬಳಸುವುದಿಲ್ಲವಷ್ಟೆ. ಹಾಗೆಯೇ ಮನುಷ್ಯನಿಗೆ ಒಂದು ಲಕ್ಷ ವಂಶವಾಹಿಗಳಿರಬಹುದೆಂಬ ಹಳೆಯ ಅಂದಾಜು, ೨೦೦೩ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿದ ಮೇಲೆ ಸುಮಾರು ಇಪ್ಪತ್ತು ಸಾವಿರಕ್ಕೆ ಇಳಿಯಿತು. ಸ್ಥೂಲವಾಗಿ ಹೇಳುವುದಾದರೆ, ಮೆಂಡೆಲನ ನಿಯಮಗಳ ಅಧ್ಯಾಯಗಳು ಹಳೆಯ ಪುಸ್ತಕದಲ್ಲಿಯೂ ಉಪಯುಕ್ತ. ಅಣುಮಟ್ಟದ ಅಧ್ಯಾಯಗಳನ್ನು ಹೊಸ ಮುದ್ರಣದಲ್ಲಿಯೇ ಓದಬೇಕು.

ಎರಡು ಭಾಷೆಯ ಪದಗಳು

ನಮ್ಮ ಕನ್ನಡ ಶಾಲೆಯ ಮಕ್ಕಳು ಮುಂದೆ ಇಂಟರ್ ವ್ಯಾಸಂಗಕ್ಕೆ ಮಕ್ತಲಕ್ಕೋ ನಾರಾಯಣಪೇಟೆಗೋ ಗದ್ವಾಲಕ್ಕೋ ಹೋದಾಗ ತೆಲುಗು ಅಥವಾ ಇಂಗ್ಲಿಷ್ ಪುಸ್ತಕ ಹಿಡಿಯಬೇಕು. ೧೯೬೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ತೆಲುಗು ಅಕಾಡೆಮಿಯ ಪಠ್ಯಪುಸ್ತಕಗಳು ತೆಲುಗು ಮಾಧ್ಯಮದವರಿಗೆ ಆಧಾರ. ಕನ್ನಡದ ತಳಿಶಾಸ್ತ್ರ ಅಲ್ಲಿ ಜನ್ಯುಶಾಸ್ತ್ರವಾಗುತ್ತದೆ, ವಂಶವಾಹಿ ಜನ್ಯುವಾಗುತ್ತದೆ. ಹುಡುಗನಿಗೆ ವಿಷಯ ತಿಳಿದಿದ್ದೂ ಪದ ತಿಳಿಯದೆ ಅವನು ಹಿಂದೆ ಬೀಳುವನು.

ಆದರೆ ಎರಡು ಭಾಷೆ ಬಲ್ಲ ಅಧ್ಯಾಪಕನಿಗೆ ಇದರಲ್ಲಿ ಲಾಭವೂ ಉಂಟು. ಮೊದಲ ಪೀಳಿಗೆಯಲ್ಲಿ ಕಾಣಿಸುವ ಲಕ್ಷಣಕ್ಕೆ ಕನ್ನಡದಲ್ಲಿ ‘ಪ್ರಬಲ’ ಎಂದೂ, ಕಾಣಿಸದ್ದಕ್ಕೆ ‘ದುರ್ಬಲ’ ಎಂದೂ ಹೇಳುವುದು ರೂಢಿ. ದುರ್ಬಲವೆಂದರೆ ಶಕ್ತಿ ಇಲ್ಲದ್ದು, ಕ್ರಮೇಣ ನಶಿಸುವಂಥದು ಎಂದು ಮಕ್ಕಳು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ತೆಲುಗಿನಲ್ಲಿ ಇವಕ್ಕೆ ‘ಬಹಿರ್ಗತ’, ‘ಅಂತರ್ಗತ’ ಎನ್ನುತ್ತಾರೆ. ಹೊರಗೆ ತೋರುವುದು, ಒಳಗೆ ಅಡಗಿರುವುದು ಎಂಬ ಅರ್ಥ ಮೆಂಡೆಲನ ಅಭಿಪ್ರಾಯಕ್ಕೆ ಹೆಚ್ಚು ಹತ್ತಿರ. ಸೋದರಿಕೆಯ ಮದುವೆಗಳಿಂದ ಮಕ್ಕಳಿಗೆ ಆಗಬಹುದಾದ ಕೇಡನ್ನು ವಿವರಿಸಲು ಈ ‘ಅಂತರ್ಗತ’ ಎಂಬ ಮಾತು ತುಂಬ ಅನುಕೂಲ. ತಾತ ಅಥವಾ ಅಜ್ಜಿಯಲ್ಲಿ ಅಡಗಿದ್ದ ಒಂದೇ ದೋಷ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಬಂದು ಮಗುವಿನಲ್ಲಿ ಕೂಡಬಹುದು. ವಂಶವಾಹಿಯ ಎರಡು ಪ್ರತಿಗಳೂ ಹೀಗೆ ಒಂದೇ ಪೂರ್ವಜನಿಂದ ಬಂದಿರುವ ಸಂಭವ, ಅತ್ತೆಯ ಮಗ–ಮಾವನ ಮಗಳ ಮಕ್ಕಳಲ್ಲಿ ಹದಿನಾರರಲ್ಲಿ ಒಂದು. ಸೋದರಮಾವ–ಅಕ್ಕನ ಮಗಳ ಮಕ್ಕಳಲ್ಲಿ ಎಂಟರಲ್ಲಿ ಒಂದು. ಯಾರ ಮನಸ್ಸನ್ನೂ ನೋಯಿಸದೆ ಈ ಲೆಕ್ಕವನ್ನು ಪಾಠದಲ್ಲಿಯೇ ಹೇಳಬಹುದು.

ಕನ್ನಡದಲ್ಲಿ ಏನುಂಟು, ಏನು ಬೇಕು?

ಕನ್ನಡದಲ್ಲಿ ವಿಜ್ಞಾನ ಬರೆದವರ ಸಾಲು ಚಿಕ್ಕದಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಮನೆಮಾತಾಗಿಸಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ವೂ, ಮಕ್ಕಳಿಗಾಗಿ ‘ಬಾಲ ವಿಜ್ಞಾನ’ ಮಾಸಪತ್ರಿಕೆಯೂ ಉಂಟು. ಇವೆಲ್ಲ ಶಾಸ್ತ್ರವನ್ನು ಕನ್ನಡಿಸಲು ಬರುತ್ತದೆಂಬುದಕ್ಕೆ ಸಾಕ್ಷಿ. ನಮಗೆ ಇನ್ನು ಬೇಕಾಗಿರುವುದು, ಬೀಜದ ಹತ್ತಿಯ ಹೊಲದಿಂದ ಆರಂಭವಾಗಿ ಮೆಂಡೆಲ್, ವರ್ಣತಂತು, ಡಿಎನ್‌ಎ ಎಂಬ ಕ್ರಮದಲ್ಲಿ ಏರಿಹೋಗುವ, ಪುಟದ ಅಂಚಿನಲ್ಲಿ ತೆಲುಗು ಮತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಡುವ ಒಂದು ಚಿಕ್ಕ ಪುಸ್ತಕ.

ಇದಕ್ಕೆ ದೊಡ್ಡ ಸಲಕರಣೆ ಬೇಕೆಂದು ಹಿಂಜರಿಯುವವರು ಜೆ. ಬಿ. ಎಸ್. ಹಾಲ್ಡೇನರನ್ನು ನೆನೆಯಬಹುದು. ೧೯೫೭ರಲ್ಲಿ ಇಂಗ್ಲೆಂಡನ್ನು ಬಿಟ್ಟು ಬಂದು ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ಮಹಾವಿಜ್ಞಾನಿ, ಬೆಲೆಯ ಉಪಕರಣಗಳಿಲ್ಲದೆ ಕಣ್ಣು ಮತ್ತು ಎಣಿಕೆಗಳಿಂದಲೇ ಮಾಡಬಹುದಾದ ಸಂಶೋಧನೆಗೆ ಇಲ್ಲಿನ ತರುಣರನ್ನು ಪ್ರೋತ್ಸಾಹಿಸಿದರು. ತೆಂಗಿನ ಗಿಡಗಳಲ್ಲಿ ಗರಿಗಳ ಸುತ್ತು ಎಡಕ್ಕೋ ಬಲಕ್ಕೋ ಎಂದು ಎಣಿಸಿದ ಟಿ. ಎ. ಡೇವಿಸರ ಅಧ್ಯಯನ ಅಂಥದೊಂದು.

ಕೊನೆಯದಾಗಿ ಒಂದು ಮಾತನ್ನು ಹೇಳದೆ ಈ ಲೇಖನ ಮುಗಿಯದು. ಕ್ರಾಸಿಂಗಿನ ಕೆಲಸಕ್ಕೆ ಎಳೆಯ ಬೆರಳು, ಗಿಡದ ಎತ್ತರದ ಮೈ ಅನುಕೂಲವೆಂಬ ನೆಪದಿಂದ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಶಾಲೆ ಬಿಡಿಸಿ ಹೊಲಕ್ಕೆ ಕಳುಹಿಸುತ್ತಿದ್ದುದನ್ನು ಈ ಶತಮಾನದ ಮೊದಲ ದಶಕದ ಸಮೀಕ್ಷೆಗಳು ದಾಖಲಿಸಿವೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯೂ, ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧದ ಕಾಯಿದೆಯೂ ಇವೆ. ಆದರೂ ಹೂವಿನ ಹಂಗಾಮು ಬಂದಾಗ ಹಾಜರಿ ಪುಸ್ತಕವನ್ನು ಎಚ್ಚರದಿಂದ ನೋಡಿ, ಬಾರದ ಮಗುವಿನ ಮನೆಗೆ ಹೋಗಿ ಕರೆತರುವುದು ಅಧ್ಯಾಪಕರ ಪಾಲಿಗೇ ಬರುವ ಕೆಲಸ. ಮಗುವಿನ ಜಾಗ ತರಗತಿಯಲ್ಲಿ. ಹೊಲದ ವಿದ್ಯೆಯನ್ನು ನಾವು ತರಗತಿಗೆ ತರಬೇಕು.

ಬರುವ ಹಂಗಾಮಿನಲ್ಲಿ ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನ ಅನುಭವಿ ರೈತರೊಬ್ಬರನ್ನು ಒಂದು ದಿನ ಶಾಲೆಗೆ ಕರೆದು, ಗುರುತು ಕಟ್ಟಿದ ಒಂದು ಕಾಯಿ, ಕಟ್ಟದ ಒಂದು ಕಾಯಿ ಎರಡನ್ನೂ ಮೇಜಿನ ಮೇಲಿಟ್ಟು ಅವರಿಂದಲೇ ವಿವರಣೆ ಹೇಳಿಸಲಿ. ಅವರು ಬಳಸುವ ಕನ್ನಡ, ತೆಲುಗು ಪದಗಳನ್ನು ಬರೆದಿಟ್ಟುಕೊಳ್ಳಲಿ. ಹೀಗೆ ಹತ್ತು ಶಾಲೆಗಳಿಂದ ಬಂದ ಟಿಪ್ಪಣಿಗಳನ್ನು ಒಟ್ಟುಗೂಡಿಸಿದರೆ ಮೇಲೆ ಹೇಳಿದ ಪುಸ್ತಕದ ಮೊದಲ ಅಧ್ಯಾಯ ಸಿದ್ಧವಾಗುತ್ತದೆ. ಉಳಿದ ಅಧ್ಯಾಯಗಳಿಗೆ ಬೇಕಾದ ಗ್ರಂಥಗಳನ್ನು ಈ ಲೇಖನದಲ್ಲಿ ಯಥಾಶಕ್ತಿ ಸೂಚಿಸಿದ್ದೇವೆ. ವಾಚಕರು ತಮಗೆ ತಿಳಿದ ಇತರ ಪುಸ್ತಕಗಳನ್ನೂ ಪದಗಳನ್ನೂ ತಿಳಿಸಿದರೆ ಕೃತಜ್ಞತೆಯಿಂದ ಸ್ವೀಕರ

ಿಸುವೆವು.